ಅಜ್ಜಿಗೆ ದಪ್ಪ ಎಣ್ಣೆ

ನಮ್ಮ ಕಾರಿನಲ್ಲಿ ಶಬ್ದ ಬರುತ್ತಿತ್ತು. ಮನೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ, ಅದು ಬೇರೆ ಮಾತು. ಟಕ್, ಟಕ್, ಟಕ್. ಸ್ಟಿಯರಿಂಗ್ ಹಿಡಿದು ಕೂತರೆ ಸಾಕು, ಬಲಗಡೆಯಿಂದ ಶುರುವಾಗುತ್ತಿತ್ತು. ಏರು ಹತ್ತುವಾಗ ಆ ಬಡಿತ ಓಡುತ್ತಿತ್ತು, ಸಮತಟ್ಟಾದ ರಸ್ತೆಗೆ ಬಂದರೆ ನಿಧಾನವಾಗುತ್ತಿತ್ತು. ಇಷ್ಟು ಚೆನ್ನಾಗಿ ಕೇಳುವುದನ್ನು ಇಲ್ಲ ಎನ್ನುವ ಜನರ ಜೊತೆ ಸಂಸಾರ ಮಾಡುವುದು ಹೇಗೆ ಎಂದು ನನಗೆ ತಿಳಿಯದೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಹೆರಿಗೆ ನರ್ಸ್. ಗುಡ್ಡದ ಮೇಲೆ ಅಲ್ಲೊಂದು ಇಲ್ಲೊಂದು ಇರುವ ಮನೆಗಳಿಗೆ ಹೋಗಿ ಬಸುರಿಯರನ್ನು ನೋಡುವುದು, ಮನೆಯಲ್ಲೇ ಹೆರುತ್ತೇನೆ ಎನ್ನುವವರಿಗೆ ಹೆರಿಗೆ ಮಾಡಿಸುವುದು ನನ್ನ ಕೆಲಸ. ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ಕೇಳಲು ಆಸ್ಪತ್ರೆಯಲ್ಲಿ ಈಗ ಕೈಯಲ್ಲಿ ಹಿಡಿಯುವ ಮಿಷನ್ ಬಂದಿದೆ. ಹೊಟ್ಟೆಗೆ ತಾಗಿಸಿದರೆ ಇಡೀ ಕೋಣೆಗೆ ಕೇಳಿಸುತ್ತದೆ. ನಾನು ಅದನ್ನು ಮುಟ್ಟುತ್ತಿರಲಿಲ್ಲ. ನನ್ನದು ಗೇಣುದ್ದದ ಮರದ ಕಹಳೆ. ಅಗಲದ ಬಾಯಿ ಬಸುರಿಯ ಹೊಟ್ಟೆಯ ಮೇಲೆ, ಇನ್ನೊಂದು ತುದಿ ನನ್ನ ಬಲಗಿವಿಗೆ. ನನ್ನ ಹಟ ನೋಡಿ ಸಾಕಾಗಿ ನಮ್ಮ ದೊಡ್ಡ ಸಿಸ್ಟರ್ ಮಿಷನ್ನನ್ನು ತಾವೇ ತಂದು ನನ್ನ ಕಾರಿನ ಡಿಕ್ಕಿಯಲ್ಲಿ ಇಟ್ಟು ಹೋಗಿದ್ದರು. ಸ್ಟೆಪ್ನಿಯ ಪಕ್ಕ ಅದು ತಣ್ಣಗೆ ಮಲಗಿತ್ತು.

ಕಹಳೆಯಲ್ಲಿ ಕೇಳುವಾಗ ಒಂದು ಕಟ್ಟುನಿಟ್ಟು ಇದೆ. ಎಡಗೈ ಬೆರಳು ತಾಯಿಯ ಮಣಿಕಟ್ಟಿನ ಮೇಲೆ ಇರಲೇಬೇಕು. ಏಕೆಂದರೆ ಹೆದರಿದ ತಾಯಿಯ ನಾಡಿ ಓಡುತ್ತದೆ, ಕಹಳೆಯೊಳಗೆ ಅದೂ ಬಡಿಯುತ್ತದೆ. ಹೊಸಬರು ತಾಯಿಯ ನಾಡಿಯನ್ನೇ ಎಣಿಸಿ, ಮಗು ಚೆನ್ನಾಗಿದೆ ಎಂದು ನಗುನಗುತ್ತಾ ಎದ್ದು ಹೋಗುತ್ತಾರೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ನಾನು ಅದನ್ನು ಮಾಡಿದವಳಲ್ಲ. ನನ್ನ ಕಿವಿ ಸುಳ್ಳು ಹೇಳಿದ್ದಿಲ್ಲ, ಹೇಳುವ ಕಿವಿಯಾದರೆ ನಾನು ಈ ಕೆಲಸದಲ್ಲಿ ಇರಬಾರದು. ಆದ್ದರಿಂದ ಕಾರಿನಲ್ಲಿ ಶಬ್ದ ಇರಲೇಬೇಕಿತ್ತು.

ಕಾರು ನಮ್ಮ ಮಾವನವರದು. ಅವರು ಹೋದ ಮೇಲೆ ಹಿರಿಸೊಸೆ ಎಂದು ನನಗೆ ಬಂತು. ಮನೆಯಲ್ಲಿ ಎಲ್ಲರೂ ಅದನ್ನು ಅಜ್ಜಿ ಎನ್ನುತ್ತೇವೆ. ಅಜ್ಜಿಯ ಆರೈಕೆ ನನ್ನ ಮೈದುನನದು. ಪಕ್ಕದ ಬೀದಿಯಲ್ಲೇ ಅವನ ಗ್ಯಾರೇಜು. ಕೆಲಸ ಬಲ್ಲವನೇ, ಆದರೆ ಬಾಯಿ ಜಾಸ್ತಿ. ಹತ್ತು ಗಂಟೆಗೆ ಬಾ ಎಂದರೆ ಊಟದ ಹೊತ್ತಿಗೆ ಬರುವ ಜಾತಿ. ನಾನೂ ಅವನೂ ಎಣ್ಣೆ ಸೀಗೆಕಾಯಿ ಎಂದು ನಮ್ಮ ಯಜಮಾನರು ಹೇಳುವುದುಂಟು.

ಮೊದಲ ಸಲ ಕಾರು ತಗೊಂಡು ಹೋದಾಗ ಅವನು ಬಾನೆಟ್ ಎತ್ತಿ, ಉದ್ದದ ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಅಲ್ಲಲ್ಲಿ ಕೇಳಿದ. ನನ್ನ ಕಹಳೆಯ ಹಾಗೆಯೇ. ಆಮೇಲೆ ಕೈ ಒರೆಸಿಕೊಂಡ.

"ಏನೂ ಇಲ್ಲ ಅತ್ತಿಗೆ. ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ."

"ಸರಿಯಾಗಿ ಕೇಳು."

"ಕೇಳ್ದೆ. ಹೇಗೆ ಬರುತ್ತೆ ಹೇಳಿ ನೋಡೋಣ?"

ನಾನು ಅವನ ಮೇಜಿನ ಮೇಲೆ ಬೆರಳಲ್ಲಿ ಬಡಿದು ತೋರಿಸಿದೆ. ಟಕ್, ಟಕ್, ಟಕ್. ಅವನು ಹುಬ್ಬು ಗಂಟಿಕ್ಕಿ ನೋಡಿದ.

"ಇಂಜಿನ್ ಒಳಗೆ ಟ್ಯಾಪೆಟ್ ಬಡಿದ್ರೆ ಹೊಲಿಗೆ ಮಿಷನ್ ಥರ ಕಟಕಟ ಅಂತ ಓಡುತ್ತೆ. ನೀವು ಬಡೀತಿರೋದು ಯಾರೋ ವಾಕಿಂಗ್ ಹೋಗ್ತಿರೋ ಥರ ಇದೆ. ಇಷ್ಟು ನಿಧಾನಕ್ಕೆ ಯಾವ ಇಂಜಿನ್ನೂ ಬಡಿಯಲ್ಲ."

"ಅಜ್ಜಿಗೆ ವಯಸ್ಸಾಗಿದೆ. ನಿಧಾನ ಇರ್ತಾಳೆ."

"ಯಾವ ಕಡೆಯಿಂದ ಬರುತ್ತೆ?"

"ಬಲಗಡೆ."

"ಒಳಗೆ ಕೂತಾಗ್ಲೂ ಬಲಗಡೆ ಅಂದ್ರಿ. ಈಗ ಕಾರಿನ ಎದುರಿಗೆ ನಿಂತಿದೀರಿ, ಈಗ್ಲೂ ನಿಮ್ಮ ಬಲಗಡೆ ಅಂತೀರಿ. ಇಂಜಿನ್ ಏನು ಮಗ್ಗುಲು ಬದಲಾಯಿಸುತ್ತಾ?"

ಪಕ್ಕದಲ್ಲಿ ಟೈರಿಗೆ ಗಾಳಿ ತುಂಬಿಸುತ್ತಿದ್ದವನೂ ನಕ್ಕ. ನನಗೆ ಮೂಗಿನ ತುದಿಯಲ್ಲೇ ಕೋಪ, ಮುಖ ಕೆಂಪಾಯಿತು. "ಪಾಠ ಬೇಡ, ಏನಾದ್ರೂ ಮಾಡು. ಅರ್ಧ ಗುಡ್ಡದಲ್ಲಿ ಇಂಜಿನ್ ಹಿಡ್ಕೊಂಡ್ರೆ ನಿನ್ನನ್ನ ಕರೀಲಾ, ಹೆರಿಗೆ ನೋಡ್ಲಾ?" ಎಂದೆ.

ಅವನಿಗೆ ನನ್ನ ನಾಲಗೆಯ ಭಯ ಇದ್ದೇ ಇದೆ. ತಲೆ ಕೆರೆದುಕೊಂಡ. ಅಜ್ಜಿಯ ಜೊತೆ ಬಂದ ಕಂಪನಿ ಪುಸ್ತಕದಲ್ಲಿ ಹೇಳಿದ ಆಯಿಲ್ ಹದಿನೈದು-ನಲವತ್ತು. ಮೊದಲ ಅಂಕೆ ಚಳಿಯಲ್ಲಿ ಎಣ್ಣೆ ಎಷ್ಟು ಸರಾಗವಾಗಿ ಹರಿಯುತ್ತದೆ ಎನ್ನುವುದಕ್ಕೆ, ಅದು ಕಮ್ಮಿ ಇದ್ದಷ್ಟೂ ಬೆಳಗಿನ ಹೊತ್ತು ಒಳ್ಳೆಯದು. ಎರಡನೆಯದು ಇಂಜಿನ್ ಕಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ. ಇದನ್ನೆಲ್ಲ ನನಗೆ ಕಲಿಸಿದವನು ಅವನೇ. ಅದರ ಬಾಲಕ್ಕೆ ಇನ್ನೊಂದು ಮಾತನ್ನೂ ಕಟ್ಟಿದ್ದ: ವಯಸ್ಸಾದ ಗಾಡಿಗೆ ದಪ್ಪ ಎಣ್ಣೆ. ಒಳಗೆಲ್ಲ ಸವೆದು ಸಂದು ಬಿಟ್ಟಿರುತ್ತದೆ, ದಪ್ಪ ಎಣ್ಣೆ ಆ ಸಂದು ತುಂಬುತ್ತದೆ, ಶಬ್ದ ಅಡಗುತ್ತದೆ. ಅಂಗಡಿಗೆ ಬಂದವರಿಗೆಲ್ಲ ಇದನ್ನು ಗಾದೆಯ ಹಾಗೆ ಹೇಳುತ್ತಿದ್ದ. ಅವನ ಗಾದೆಯನ್ನೇ ನಾನು ಅವನ ಮುಂದೆ ಹಿಡಿದೆ.

"ಅದು ಎಲ್ಲಾ ಗಾಡಿಗೂ ಅಲ್ಲ ಅತ್ತಿಗೆ. ಅಜ್ಜಿ ಇನ್ನೂ ಸವೆದಿಲ್ಲ. ಆಯಿಲ್ ಕುಡೀತಿಲ್ಲ, ಹೊಗೆ ಉಗುಳ್ತಿಲ್ಲ."

"ಹಾಕ್ತೀಯೋ ಇಲ್ವೋ?"

"ಎಣ್ಣೆಗೆ ಇಷ್ಟು ಜಗಳ ಆಡೋ ಹೆಂಗಸನ್ನ ನಾನು ನೋಡಿಲ್ಲಪ್ಪ. ಗಂಡಸರು ಆಡ್ತಾರೆ, ಸಂಜೆ ಮೇಲೆ," ಎಂದು ಗೊಣಗಿಕೊಂಡೇ ಒಂದು ಮೆಟ್ಟಿಲು ಮೇಲಿನದು, ಇಪ್ಪತ್ತು-ಐವತ್ತು, ಹಾಕಿಕೊಟ್ಟ.

ಶಬ್ದ ಹೋಗಲಿಲ್ಲ. ಇಂಜಿನ್ ಸ್ವಲ್ಪ ಮೆತ್ತಗಾಯಿತು ನಿಜ. ಅದರಿಂದ ನನ್ನ ಟಕ್ ಟಕ್ ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು. ನೋಡಿ, ಇದೆ ಎಂದು ಈಗಲಾದರೂ ಒಪ್ಪಿ ಎಂದು ಮನೆಗೆ ಬಂದು ಹೇಳಿದೆ. ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಗೇಟಿಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದೆ. ಕೂತರೆ ನಿಲ್ಲಬೇಕು, ನಿಂತರೆ ಹೊರಗೆ ಹೋಗಿ ಒಂದು ಸಲ ಸ್ಟಾರ್ಟ್ ಮಾಡಿ ಕೇಳಬೇಕು. ಕೇಳಿ ಬಂದರೆ, ಸರಿಯಾಗಿ ಕೇಳಿದೆನೋ ಇಲ್ಲವೋ ಎಂದು ಇನ್ನೊಂದು ಸಲ.

ನಮ್ಮ ಯಜಮಾನರು ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಮಾತು ಕಮ್ಮಿ. ಆವತ್ತು ಒಂದು ಕನ್ನಡಕದ ಕಡ್ಡಿಗೆ ಪುಟಾಣಿ ತಿರುಪು ಹಾಕುತ್ತಾ ಕೂತಿದ್ದವರು ತಲೆ ಎತ್ತದೆ ಹೇಳಿದರು, "ಕಣ್ಣು ಮಂಜಾದವರು ಇದಾರಲ್ಲ, ಅವರು ಮೊದಲು ನನ್ನ ಅಂಗಡಿಗೆ ಬರಲ್ಲ ಕಣೇ. ಮೊದಲು ಮನೆ ಬಲ್ಬ್ ಬದಲಾಯಿಸ್ತಾರೆ."

"ಅಂದ್ರೆ?"

"ಏನಿಲ್ಲ. ಹೋದ ತಿಂಗಳು ಮಲಗೋ ಕೋಣೆ ಗಡಿಯಾರ ಟಿಕ್ ಟಿಕ್ ಅನ್ನುತ್ತೆ ಅಂತ ನೀನು ಕೆಳಗೆ ಇಳಿಸಿದೆ. ಆಮೇಲೆ ಫ್ರಿಜ್ ರಿಪೇರಿಯವನನ್ನ ಕರೆಸಿದೆ. ಅವನು ಏನೂ ಇಲ್ಲ ಅಂದ. ಈಗ ಕಾರು. ಒಂದ್ಸಲ ಕಿವೀನ ತೋರಿಸ್ಕೊಂಡು ಬಾ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ನನಗೆ ತುಂಬಾ ನೋವಾಯಿತು. ನಾನು ಎತ್ತಿಕೊಂಡ ಮಕ್ಕಳು ಇವತ್ತು ಈ ರಸ್ತೆಗಳಲ್ಲಿ ಸೈಕಲ್ ಹೊಡೆಯುತ್ತಿದ್ದಾರೆ. ಒಂದೊಂದರ ಬಡಿತವನ್ನೂ ಈ ಕಿವಿಯಲ್ಲೇ ಕೇಳಿದ್ದು. ಕಿವಿ ತೋರಿಸು ಎನ್ನುವುದೂ ನಿನ್ನ ಕೆಲಸ ಮುಗಿಯಿತು, ಮನೆಯಲ್ಲಿ ಕೂರು ಎನ್ನುವುದೂ ನನಗೆ ಒಂದೇ. ಆ ಮಾತಿನ ಹೆದರಿಕೆ ನನಗೆ ಇತ್ತು ಎಂದೂ ಹೇಳಬೇಕು. ಇಲ್ಲದಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಾರನೆಯ ದಿನವೇ, ಮೈದುನನಿಗೆ ಹೇಳದೆ, ಹೆದ್ದಾರಿಯ ಪಕ್ಕದ ಬೇರೆ ಅಂಗಡಿಗೆ ಅಜ್ಜಿಯನ್ನು ಕರೆದುಕೊಂಡು ಹೋದೆ. "ನಿಮ್ಮಲ್ಲಿ ಇರೋದ್ರಲ್ಲೇ ದಪ್ಪನೇದು ಹಾಕಿ," ಎಂದೆ. ಅಲ್ಲಿಯವನು ಲಾರಿಗಳ ನಡುವೆ ಬೆಳೆದ ಮನುಷ್ಯ, ಏಕೆ ಏನು ಎಂದು ಕೇಳಲಿಲ್ಲ. ಇಪ್ಪತ್ತೈದು-ಅರವತ್ತು. ಡಬ್ಬದಿಂದ ಸುರಿಯುವಾಗ ಅದು ಎಳೆಯಾಗಿ ಇಳಿಯುವುದನ್ನು ನೋಡಿ ನನಗೆ ಎಂಥದೋ ಸಮಾಧಾನವಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಸಿಗುವ ಸಮಾಧಾನ. ಮನೆ ತಲುಪುವುದರೊಳಗೆ ಟಕ್ ಟಕ್ ಮತ್ತೆ ಬಂದಿತ್ತು.  ಬಾಗಿಲು ದಡಾರನೆ ಹಾಕಿ ಒಳಗೆ ಬಂದೆ. ಯಾರಿಗೂ ಏನೂ ಹೇಳಲಿಲ್ಲ.

ಆಮೇಲೆ ಚಳಿ ಹಿಡಿಯಿತು. ಒಂದು ದಿನ ಬೆಳಗ್ಗೆ, ಗಾಜಿನ ಮೇಲೆ ಮಂಜು ಕೂತಿದ್ದ ಹೊತ್ತಿನಲ್ಲಿ, ಗುಡ್ಡದ ಮೇಲಿನ ಬೇಕರಿಯಿಂದ ಫೋನ್ ಬಂತು. ಬೇಕರಿಯವನ ಹೆಂಡತಿಗೆ ನೋವು ಶುರುವಾಗಿದೆ, ನೀರು ಹೋಗಿದೆ, ಬೇಗ ಬನ್ನಿ ಎಂದು ಅವಳ ಅತ್ತೆ ಹೇಳಿದಳು. ಚೊಚ್ಚಲು. ಚೀಲ ತಗೊಂಡು ಓಡಿದೆ.

ಸೆಲ್ಫ್ ಹೊಡೆದರೆ ಅಜ್ಜಿ ಉಂ... ಉಂ... ಎಂದು ಮುಲುಕಿದಳು. ಇನ್ನೊಂದು ಸಲ ಹೊಡೆದೆ. ಮತ್ತೂ ಒಂದು ಸಲ. ಕೊನೆಗೆ ಹತ್ತಿಕೊಂಡಿತು, ಹತ್ತಿಕೊಂಡ ಕೂಡಲೇ ಬಾನೆಟ್ ಒಳಗಿಂದ ಕಟಕಟಕಟ ಎಂದು ಪಾತ್ರೆ ಉರುಳಿದ ಹಾಗೆ ಗದ್ದಲ. ಎದುರಿಗೆ ಆಯಿಲ್ ದೀಪ ಕೆಂಪಗೆ ಉರಿಯುತ್ತಿದೆ, ಆರುತ್ತಿಲ್ಲ.

ಯಜಮಾನರು ಬನಿಯನ್ನಿನಲ್ಲೇ ಬಾಗಿಲಿಗೆ ಓಡಿಬಂದರು. "ಆಫ್ ಮಾಡೇ! ಈಗ ಶಬ್ದ ಬರ್ತಿದೆ. ಇದು ನಂಗೂ ಕೇಳ್ತಿದೆ!"

ಆಫ್ ಮಾಡಿದೆ. ಆ ಗದ್ದಲ ನಿಂತಿತು. ಅದು ನನ್ನ ಶಬ್ದ ಆಗಿರಲಿಲ್ಲ. ಅಷ್ಟು ಗದ್ದಲದ ನಡುವೆಯೂ ನನ್ನದು ಬೇರೆಯಾಗಿ, ತನ್ನ ಪಾಡಿಗೆ ತಾನು ಬಡಿಯುತ್ತಲೇ ಇತ್ತು. ಆದರೆ ಅದನ್ನು ಯೋಚಿಸುವ ಹೊತ್ತು ಅದಲ್ಲ.

ಹುಟ್ಟಿದಾಗಿನಿಂದ ಹೊತ್ತಿಗೆ ಸರಿಯಾಗಿ ಬಾರದ ನನ್ನ ಮೈದುನ ಅವತ್ತು ಫೋನ್ ಇಡುವುದರೊಳಗೆ ಬಂದ. ಗೇಜ್ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ, ಬೆರಳು ಬಿಡಿಸಿದ. ಎಣ್ಣೆ ಜೇನಿನ ಹಾಗೆ ಎಳೆ ಬಿಟ್ಟಿತು. ಅವನು ನನ್ನನ್ನು ನೋಡಿದ.

"ಇದು ನಾನು ಹಾಕಿದ್ದಲ್ಲ."

ನಾನು ಚೀಲದ ಪಟ್ಟಿ ಸರಿಮಾಡಿಕೊಂಡೆ.

"ಬೇರೆಯವರ ಹತ್ರ ಹೋಗಿದ್ರಾ ಅತ್ತಿಗೆ? ಈ ಚಳೀಲಿ ಇದು ಪಂಪಿಂದ ಮೇಲೆ ಏರೋದೇ ಇಲ್ಲ. ಮೇಲಿನ ಭಾಗ ಎಲ್ಲ ಒಣಗಿ ಬಡ್ಕೊಳ್ತಿದೆ. ಇಲ್ಲದಿದ್ದ ಶಬ್ದಾನ ನೀವೇ ತರಿಸಿದ್ರಿ."

"ನೀನು ಕೇಳ್ಲಿಲ್ಲ. ಅದಕ್ಕೆ ಹೋದೆ."

"ಏನು ಕೇಳ್ಲಿಲ್ಲ? ನೀವು ಹೇಳಿದ್ದು ಕೇಳ್ಲಿಲ್ವಾ, ಶಬ್ದ ಕೇಳ್ಲಿಲ್ವಾ? ನೀವು ಹೇಳಿದ್ದು ಯಾವತ್ತೂ ಕೇಳಿದೀನಿ. ಶಬ್ದ ಇದ್ರೆ ತಾನೆ ಕೇಳೋದು?"

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅವನು ನನ್ನ ಮೇಲೆ ಹಾಗೆ ಮುನಿದದ್ದು ಅದೇ ಮೊದಲು. ಜಗಳಕ್ಕೆ ಪುರುಸೊತ್ತಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ತನ್ನ ವ್ಯಾನಿನ ಬಾಗಿಲು ತೆಗೆದ, ನಾನು ಚೀಲ ಎದೆಗವಚಿಕೊಂಡು ಹತ್ತಿದೆ. ಅಜ್ಜಿಯ ಡಿಕ್ಕಿಯಲ್ಲಿದ್ದ ಮಿಷನ್ ನೆನಪಿಗೆ ಬರಲಿಲ್ಲ. ಯಾವತ್ತೂ ಬಳಸದ ವಸ್ತು, ಹೇಗೆ ಬರುತ್ತದೆ?

ವ್ಯಾನು ಹೊಸದು. ಸ್ಪ್ಯಾನರುಗಳು ಹಿಂದೆ ಗಲಗಲ ಎನ್ನುವುದು ಬಿಟ್ಟರೆ ಇಂಜಿನ್ ಇದೆಯೋ ಇಲ್ಲವೋ ಎನ್ನುವಷ್ಟು ಮೌನ. ಗುಡ್ಡದ ಏರು ಶುರುವಾಯಿತು. ಬೇಕರಿಯವನ ಹೆಂಡತಿ ಈಗ ಹೇಗಿದ್ದಾಳೋ, ಮಗು ಹೇಗಿದೆಯೋ ಎಂದು ನನಗೆ ಅದೇ ಯೋಚನೆ. ಆಗ ಬಲಗಡೆಯಿಂದ, ನನಗೂ ಮೈದುನನಿಗೂ ನಡುವೆ ಎಲ್ಲೋ, ಶುರುವಾಯಿತು. ಟಕ್, ಟಕ್, ಟಕ್. ಏರು ಹೆಚ್ಚಿದಂತೆ ಓಡತೊಡಗಿತು.

"ನಿನ್ನ ವ್ಯಾನಿಗೂ ಬಂದಿದೆ ನೋಡು," ಎಂದೆ.

"ಏನು?"

"ಅದೇ ಶಬ್ದ. ಟಕ್ ಟಕ್."

ಅವನು ಗೇಲಿ ಮಾಡುತ್ತಾನೆ ಎಂದುಕೊಂಡೆ. ಮಾಡಲಿಲ್ಲ. ತಿರುವು ದಾಟಿದ ಮೇಲೆ ರಸ್ತೆಯ ಪಕ್ಕಕ್ಕೆ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿದ. ಹಿಂದಿನ ಸ್ಪ್ಯಾನರುಗಳೂ ಸುಮ್ಮನಾದವು.

"ಈಗ?" ಎಂದ.

ಈಗಲೂ ಇತ್ತು. ಇಂಜಿನ್ ಇಲ್ಲ, ಗಾಳಿ ಇಲ್ಲ, ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಟಕ್ ಟಕ್ ಟಕ್ ಟಕ್. ಯಾರೂ ಹೇಳದೆ ನನ್ನ ಬಲಗೈ ಬೆರಳು ನನ್ನ ಎಡಗೈಯ ಮಣಿಕಟ್ಟಿಗೆ ಹೋಯಿತು. ಜೀವಮಾನವೆಲ್ಲ ಮಾಡಿದ ಕೆಲಸ, ಕೈಗೆ ತಾನಾಗಿ ಗೊತ್ತು. ಬೆರಳ ಕೆಳಗೆ ಒಂದು ಬಡಿತ, ಕಿವಿಯಲ್ಲಿ ಒಂದು ಬಡಿತ. ಎರಡೂ ಒಟ್ಟಿಗೆ. ಎಷ್ಟು ಕಾದರೂ ಒಂದು ಮುಂದೆ ಹೋಗಲಿಲ್ಲ, ಒಂದು ಹಿಂದೆ ಬೀಳಲಿಲ್ಲ.

ಏರಿನಲ್ಲಿ ಓಡುತ್ತಿದ್ದದ್ದು ಇಂಜಿನ್ ಅಲ್ಲ. ಹೆರಿಗೆಗೆ ಹೋಗುವ ದಾರಿಯಲ್ಲಿ, ಆ ತಿರುವುಗಳಲ್ಲಿ, ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡ ನಾನು. ಹೊಸ ನರ್ಸುಗಳಿಗೆ ಬೈದು ಬೈದು ಹೇಳಿಕೊಡುತ್ತಿದ್ದ ಆ ದೊಡ್ಡ ತಪ್ಪನ್ನು ನಾನು ಕಾರಿನ ಮೇಲೆ ಮಾಡಿದ್ದೆ. ನನ್ನ ನಾಡಿಯನ್ನು ಅಜ್ಜಿಯದು ಎಂದು ಎಣಿಸಿದ್ದೆ.

"ಅತ್ತಿಗೆ?" ಎಂದ ಮೈದುನ. ನನ್ನ ಬೆರಳು ಎಲ್ಲಿದೆ ಎಂದು ಅವನು ನೋಡಿದ್ದ.

"ಹೊರಡು. ಅಲ್ಲಿ ಕಾಯ್ತಿದಾರೆ," ಎಂದೆ.

ಬೇಕರಿಯ ಮೇಲಿನ ಕೋಣೆ ಒಲೆಯ ಕಾವಿಗೆ ಬೆಚ್ಚಗಿತ್ತು. ಮೆಟ್ಟಿಲ ಮೇಲೆಲ್ಲ ಹಿಟ್ಟಿನ ಹೆಜ್ಜೆ. ಗಂಡ ಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದ. ಹುಡುಗಿ ಮಂಚದ ಮೇಲೆ ಒಂದು ನೋವು ಮುಗಿಸಿ ಬೆವರುತ್ತಿದ್ದಳು, ಅತ್ತೆ ಅವಳ ಬೆನ್ನು ನೀವುತ್ತಿದ್ದಳು. ನಾನು ಕೈ ತೊಳೆದು, ಹೊಟ್ಟೆ ಮುಟ್ಟಿ ಮಗುವಿನ ಬೆನ್ನು ಎಲ್ಲಿದೆ ನೋಡಿ, ಕಹಳೆ ಇಟ್ಟು ಬಲಗಿವಿ ಒತ್ತಿದೆ.

ಕಹಳೆ ಒತ್ತಿದ ಕಿವಿಯಲ್ಲಿ ನನ್ನ ನಾಡಿ ಎರಡು ಪಟ್ಟು ಜೋರಾಗಿ ಕೇಳಿತು. ಎಡಗೈ ಬೆರಳ ಕೆಳಗೆ ಹುಡುಗಿಯ ನಾಡಿ ಓಡುತ್ತಿತ್ತು. ಒಳಗೆ ಎಲ್ಲೋ ಮಗುವಿನದೂ ಇರಬೇಕು. ಮೂರೂ ಕಲಸಿಕೊಂಡು ಯಾವುದು ಯಾರದೆಂದು ನನಗೆ ತಿಳಿಯಲಿಲ್ಲ. ಎಡಗಿವಿಗೆ ಬದಲಾಯಿಸಿದೆ. ಅಲ್ಲಿಯೂ ತಲೆಯೊಳಗಿಂದ ಅದೇ ಟಕ್ ಟಕ್. ಇಷ್ಟು ವರ್ಷದಲ್ಲಿ ಮೊದಲ ಸಲ, ಒಂದು ಹೊಟ್ಟೆಯ ಮೇಲೆ ಕಿವಿ ಇಟ್ಟು ನನಗೆ ಏನೂ ಗೊತ್ತಾಗಲಿಲ್ಲ. 

ಬಾಗಿಲಿಗೆ ಹೋಗಿ ಕೆಳಗೆ ಕೂಗಿದೆ. "ಅಜ್ಜಿ ಡಿಕ್ಕೀಲಿ, ಸ್ಟೆಪ್ನಿ ಪಕ್ಕ ಒಂದು ಮಿಷನ್ ಇದೆ. ತಗೊಂಡು ಬಾ. ಓಡು." ಮೈದುನ ಯಾಕೆ ಎಂದು ಕೇಳಲಿಲ್ಲ. ವ್ಯಾನು ಹೊರಟ ಸದ್ದು ಕೇಳಿತು.

ಆದರೆ ಅವನು ಗುಡ್ಡ ಇಳಿದು ಮತ್ತೆ ಹತ್ತಿ ಬರುವ ತನಕ ಮಗು ಕಾಯುತ್ತದೆಯೇ? ಒಂದೊಂದು ನೋವು ಮುಗಿದಾಗಲೂ ಬಡಿತ ಕೇಳಲೇಬೇಕು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೆರುವವರು ನರ್ಸಿನ ಮುಖವನ್ನು ಓದುವಷ್ಟು ಚೆನ್ನಾಗಿ ಬೇರೆ ಏನನ್ನೂ ಓದುವುದಿಲ್ಲ.

ನಾನು ಮಂಚದ ಅಂಚಿಗೆ ಮಂಡಿಯೂರಿ, ನನ್ನ ಬಲಗೈಯನ್ನು ಅವಳ ಕೈಗೆ ಕೊಟ್ಟೆ. "ಇಲ್ಲಿ, ಹೆಬ್ಬೆರಳ ಕೆಳಗೆ, ನಿನ್ನ ಬೆರಳು ಇಡು. ಬಡೀತಿದ್ಯಾ?"

"ಹೂಂ."

"ಅದು ಬಡಿದ ಹಾಗೆಲ್ಲ ನನ್ನ ಕೈ ಮೇಲೆ ನಿನ್ನ ಇನ್ನೊಂದು ಬೆರಳಲ್ಲಿ ತಟ್ಟು. ಬಿಡಬೇಡ."

ಅವಳ ಅತ್ತೆಗೆ ಸೊಸೆಯ ಇನ್ನೊಂದು ಕೈಯ ನಾಡಿ ಹಿಡಿಸಿ, ಬಡಿದ ಹಾಗೆಲ್ಲ ನನ್ನ ಬೆನ್ನ ಮೇಲೆ ತಟ್ಟಲು ಹೇಳಿದೆ. ಹುಡುಗಿ ತಟ್ಟತೊಡಗಿದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿದಳು.

"ಸಿಸ್ಟರ್, ನಿಮ್ದು ಯಾಕೆ ಇಷ್ಟು ಓಡ್ತಿದೆ? ಮಗೂಗೆ ಏನಾದ್ರೂ ಆಗಿದ್ಯಾ?"

ಏನೂ ಇಲ್ಲ, ಸುಮ್ಮನೆ ಮಲಗು ಎಂದು ಗದರಬಹುದಿತ್ತು. ಅದೇ ನನ್ನ ರೂಢಿ. "ಮಗೂದು ಇನ್ನೂ ಕೇಳ್ತಾ ಇದೀನಿ," ಎಂದೆ. "ನಂದು ಓಡ್ತಿರೋದು ನಂಗೆ ಭಯ ಆಗಿರೋದ್ರಿಂದ."

ಅವಳು "ನಂಗೂ," ಎಂದಳು. ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

ಮತ್ತೆ ಕಹಳೆಗೆ ಕಿವಿ ಕೊಟ್ಟೆ. ಕೈಯ ಮೇಲೆ ತಟ್ಟುತ್ತಿರುವುದು ನಾನು, ಅದನ್ನು ಬಿಡು. ಬೆನ್ನ ಮೇಲೆ ತಟ್ಟುತ್ತಿರುವುದು ತಾಯಿ, ಅದನ್ನೂ ಬಿಡು. ಅವೆರಡನ್ನೂ ಒಂದೊಂದಾಗಿ ಪಕ್ಕಕ್ಕೆ ಸರಿಸುತ್ತಾ ಹೋದಂತೆ, ಅವೆರಡಕ್ಕೂ ಸೇರದ ಒಂದು ಬಡಿತ ಹಿಂದಿನಿಂದ ಬಂತು. ಪುಟ್ಟದು, ಎಲ್ಲರಿಗಿಂತ ಬೇಗದ್ದು, ತನ್ನ ಪಾಡಿಗೆ ತಾನು ಓಡುತ್ತಿತ್ತು. ಇದ್ದೀಯಾ ಕಂದಾ ಎಂದುಕೊಂಡೆ. ಜೋರಾಗಿಯೇ ಹೇಳಿರಬೇಕು, ಅತ್ತೆ ತಟ್ಟುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡಳು. "ನಿಲ್ಲಿಸ್ಬೇಡಿ!" ಎಂದು ಗದರಿದೆ. ಅಷ್ಟು ರೂಢಿ ಉಳಿದಿತ್ತು.

ಮೈದುನ ಮಿಷನ್ ತಂದು ಬಾಗಿಲ ಸಂದಿಯಿಂದ ಕೊಟ್ಟ. ಹೊಟ್ಟೆಗೆ ತಾಗಿಸಿದೆ. ಕೋಣೆಯ ತುಂಬ ಅದೇ ಬಡಿತ, ನಾನು ಎಣಿಸಿದಷ್ಟೇ ವೇಗ. ಬಾಗಿಲಾಚೆ ನಿಂತ ಗಂಡನಿಗೂ ಕೇಳಿತು, ಅವನು ಗೋಡೆಗೆ ಹಣೆ ಒತ್ತಿಕೊಂಡ. ಅವತ್ತು ಉಳಿದ ಹೊತ್ತೆಲ್ಲ ನಾನು ಮಿಷನ್ನನ್ನೇ ಹಿಡಿದೆ. ಕಹಳೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದೆ. ಅದನ್ನು ಸುತ್ತುವಾಗ ಆದ ಸಂಕಟವನ್ನು ಯಾರಿಗೂ ತೋರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು, ಹುಟ್ಟಿದ ಕೂಡಲೇ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿತು.

ವಾಪಸು ಬರುವಾಗ ವ್ಯಾನಿನಲ್ಲೇ ಕೂತು ದೊಡ್ಡ ಸಿಸ್ಟರಿಗೆ ಫೋನ್ ಮಾಡಿ, ಕಿವಿ ಡಾಕ್ಟರ ಹತ್ತಿರ ಹೋಗಬೇಕು, ಅವರು ಹೇಳುವ ತನಕ ನನ್ನ ಜೊತೆ ಇನ್ನೊಬ್ಬ ನರ್ಸ್ ಇರಲಿ ಎಂದು ಹೇಳಿದೆ.  ಅವರು ಆಗಲಿ ಎಂದರು. ಮೈದುನ ರಸ್ತೆಯನ್ನೇ ನೋಡುತ್ತಾ ವ್ಯಾನು ಓಡಿಸುತ್ತಿದ್ದ.

"ಆಯಿಲ್ ಇಳಿಸ್ಲಾ ಅತ್ತಿಗೆ?" ಎಂದ, ನಮ್ಮ ಬೀದಿಗೆ ತಿರುಗುವಾಗ.

"ಇಳಿಸು."

ಅಜ್ಜಿಯನ್ನು ತಳ್ಳಿಕೊಂಡೇ ಗ್ಯಾರೇಜಿಗೆ ತಂದೆವು. ಯಜಮಾನರೂ ಅಂಗಡಿ ಮುಚ್ಚಿ ಬಂದು ಕೈಜೋಡಿಸಿದರು. ಕೆಳಗಿನ ಬೋಲ್ಟ್ ಬಿಚ್ಚಿದರೆ ಆ ದಪ್ಪ ಎಣ್ಣೆ ಇಳಿಯಲು ಮನಸ್ಸಿಲ್ಲದ ಹಾಗೆ ನಿಧಾನವಾಗಿ ಇಳಿಯಿತು. ನಾನು ಸ್ಟೂಲಿನ ಮೇಲೆ ಕೂತು ನೋಡಿದೆ. ಕೂತೇ ಇದ್ದೆ ಎನ್ನುವುದು ಆಮೇಲೆ ಗಮನಕ್ಕೆ ಬಂತು. ಪೂರ್ತಿ ಇಳಿದ ಮೇಲೆ ಮೈದುನ ಪುಸ್ತಕದಲ್ಲಿ ಹೇಳಿದ ಹದಿನೈದು-ನಲವತ್ತನ್ನು ಸುರಿದ. ಅದು ಸರಸರ ಇಳಿಯಿತು.

"ನಂದೂ ತಪ್ಪಿದೆ," ಎಂದ ಮೈದುನ, ಡಬ್ಬದ ಮುಚ್ಚಳ ತಿರುಗಿಸುತ್ತಾ. "ವಯಸ್ಸಾದ ಗಾಡಿಗೆ ದಪ್ಪ ಎಣ್ಣೆ ಅಂತ ಊರಿಗೆಲ್ಲ ಸಾರಿದೋನು ನಾನೇ. ಯಾವ ಗಾಡಿ, ಎಷ್ಟು ಸವೆದಿದೆ ಅಂತ ನೋಡಬೇಕು ಅನ್ನೋದನ್ನ ನುಂಗಿಬಿಡ್ತಿದ್ದೆ. ಗಾದೆ ಉದ್ದ ಆಗುತ್ತೆ ಅಂತ."

ಸೆಲ್ಫ್ ಹೊಡೆದ. ಅಜ್ಜಿ ಒಂದೇ ಸಲಕ್ಕೆ ಎದ್ದಳು. ಕೆಂಪು ದೀಪ ಮಿಣುಕಿ ಆರಿತು. ಬೆಳಗಿನ ಆ ಕಟಕಟ ಕೊಂಚ ಹೊತ್ತು ಇದ್ದು, ಸಣ್ಣಗಾಗುತ್ತಾ ಹೋಗಿ, ಎಲ್ಲಿ ಹೋಯಿತೆಂದು ತಿಳಿಯದ ಹಾಗೆ ಹೋಯಿತು. ಮೈದುನ ಅಭ್ಯಾಸದಂತೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟ. ಯಾವಾಗಲೂ ಮೊದಲು ಕೇಳಿ ತೀರ್ಪು ಹೇಳುವವಳು ನಾನು.

ನಾನು ಏಳಲಿಲ್ಲ. ಗೋಡೆಗೆ ಒರಗಿಸಿದ್ದ ಉದ್ದದ ಸ್ಕ್ರೂಡ್ರೈವರ್ ತೆಗೆದು ಅವನ ಕೈಗೆ ಕೊಟ್ಟೆ.

"ನೀನೇ ಕೇಳಿ ಹೇಳಪ್ಪ," ಎಂದೆ.

ಅವನು ಒಂದು ಸಲ ಅಣ್ಣನ ಮುಖ ನೋಡಿದ. ಆಮೇಲೆ ಬಗ್ಗಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಅವಸರವಿಲ್ಲದೆ ಎಲ್ಲ ಕಡೆ ಕೇಳಿದ. ಎಡಗಡೆ, ಬಲಗಡೆ, ಮೇಲೆ, ಕೆಳಗೆ. ಅವನು ಕೇಳುವಷ್ಟು ಹೊತ್ತೂ ನನ್ನ ಕಿವಿಯಲ್ಲಿ ಟಕ್, ಟಕ್, ಟಕ್.

"ಶಬ್ದ ಇಲ್ಲ ಅತ್ತಿಗೆ," ಎಂದ.

ನಾನು ನಂಬಿದೆ.